ನಾಲಿಗೆಯ ಗಂಟು ಮತ್ತು ತಾಯಿಯ ಹಾಲು

ಪ್ರವಾದಿ ಮೂಸಾ(ಅ)ರವರು ಫಿರ್‌ಔನನ ಆಸ್ಥಾನಕ್ಕೆ ಹೊರಡುವ ಮುನ್ನ ತಮ್ಮ ನಾಲಿಗೆಯ ಗಂಟನ್ನು ಬಿಚ್ಚಿಕೊಡುವಂತೆ ಅಲ್ಲಾಹನಲ್ಲಿ ಬೇಡಿಕೊಂಡರೆಂದು ಪವಿತ್ರ ಕುರ್‌ಆನಿನ ಸೂರಃ ತಾಹಾ ತಿಳಿಸುತ್ತದೆ. ಅವರ ಶೈಶವವನ್ನು ವಿವರಿಸುವ ಸೂರಃ ಅಲ್ ಕಸಸ್, ಯಾವ ದಾದಿಯ ಹಾಲನ್ನೂ ಒಲ್ಲದ ಆ ಶಿಶು ಕೊನೆಗೆ ಹೆತ್ತ ತಾಯಿಯ ಮಡಿಲಿಗೇ ಮರಳಿದುದನ್ನು ಹೇಳುತ್ತದೆ. ಮಾತಿನ ಗಂಟು ಬೇರೆ, ಹಾಲಿನ ಗಂಟು ಬೇರೆ. ಆದರೂ ಮಾತನಾಡುವುದಕ್ಕಿಂತ ಬಹಳ ಮೊದಲೇ ಮನುಷ್ಯನ ನಾಲಿಗೆಗೆ ಅಲ್ಲಾಹನು ವಹಿಸಿದ ಕೆಲಸ ಹಾಲು ಕುಡಿಯುವುದು ಎಂಬುದನ್ನು ನಾವು ಮರೆಯುತ್ತೇವೆ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲೂಕುಗಳ ಮಕ್ಕಳಿಗೆ ಕುರ್‌ಆನ್ ಓದಲು ಕಲಿಸುತ್ತಾ ನನ್ನ ಬದುಕಿನ ಬಹುಭಾಗ ಕಳೆದಿದೆ. ಅಕ್ಷರಗಳ ಮಖ್ರಜ್ ಕಲಿಸುವವನಿಗೆ ನಾಲಿಗೆಯೇ ಪಠ್ಯಪುಸ್ತಕ. ಲಾಮ್ ಉಚ್ಚರಿಸಲು ಅದರ ತುದಿ ಮೇಲೇಳಬೇಕು. ಝಾಲ್ ಉಚ್ಚರಿಸಲು ಮೇಲಿನ ಹಲ್ಲುಗಳ ಅಂಚಿಗೆ ಚಾಚಬೇಕು. ಈ ಚಲನೆಗೆ ಅಡ್ಡಿಯಾದರೆ ಶಿಶುವು ಹಸಿದಿರಬೇಕಾಗುತ್ತದೆ ಎಂಬುದನ್ನು ನಾನು ತಿಳಿದದ್ದು ನನ್ನ ತಂಗಿಯ ಮಗಳ ಮನೆಯಲ್ಲಿ.

ಆಕೆಯ ಮಗನಿಗೆ ಆಗ ಐದು ತಿಂಗಳು. ಮೊದಲ ಎರಡು ತಿಂಗಳು ತೂಕ ಸರಿಯಾಗಿಯೇ ಏರಿತ್ತು. ಬಳಿಕ ಒಂದೊಂದು ಬಾರಿ ಹಾಲೂಡಿಸಲೂ ಗಂಟೆ ಹಿಡಿಯತೊಡಗಿತು. ಕುಡಿಯುವಾಗ ಟಕ್ ಟಕ್ ಎಂಬ ಸದ್ದು. ಮಗು ಪದೇ ಪದೇ ಜಾರಿ ಅಳುತ್ತಿತ್ತು. ತಾಯಿಯ ಎದೆತೊಟ್ಟು ಬಿರಿದು ರಕ್ತ ಒಸರುತ್ತಿತ್ತು. ಅಂಗನವಾಡಿಯ ಚಾರ್ಟ್‌ನಲ್ಲಿ ತೂಕದ ಗೆರೆ ಮೇಲೇರುವುದನ್ನು ನಿಲ್ಲಿಸಿತು. ಮನೆಗೆ ಬಂದ ಬಂಧುಗಳದೆಲ್ಲ ಒಂದೇ ತೀರ್ಪು: "ಇವಳಿಗೆ ಹಾಲು ಸಾಲದು." ಆ ಮಾತನ್ನು ಕೇಳಿ ಕೇಳಿ ಆಕೆಯೂ ಅದನ್ನೇ ನಂಬಿದಳು. ಕೊನೆಗೆ ತುಮಕೂರಿನ ಮಕ್ಕಳ ವೈದ್ಯರೊಬ್ಬರು ಶಿಶುವಿನ ನಾಲಿಗೆಯನ್ನು ಬೆರಳಿನಿಂದ ಎತ್ತಿ ನೋಡಿದರು. ತುದಿಯವರೆಗೂ ಒಂದು ಬಿಗಿಯಾದ ಪೊರೆ ಅದನ್ನು ಬಾಯಿಯ ತಳಕ್ಕೆ ಕಟ್ಟಿಹಾಕಿತ್ತು.

ಈ ಪೊರೆ ಎಲ್ಲರಲ್ಲೂ ಇರುತ್ತದೆ. ಕೆಲವು ಶಿಶುಗಳಲ್ಲಿ ಅದು ಹುಟ್ಟಿನಿಂದಲೇ ಗಿಡ್ಡವಾಗಿಯೋ ದಪ್ಪವಾಗಿಯೋ ಇರುತ್ತದೆ. ಇದನ್ನೇ ಅಂಟುನಾಲಿಗೆ ಎನ್ನುತ್ತಾರೆ. ಹಾಲು ಕುಡಿಯುವಾಗ ನಾಲಿಗೆಯು ಕೆಳಗಿನ ವಸಡಿನ ಮೇಲೆ ಚಾಚಿಕೊಂಡಿರಬೇಕು. ಅದು ಸಾಧ್ಯವಾಗದಿದ್ದಾಗ ಮಗು ತೊಟ್ಟನ್ನು ಮಾತ್ರ ವಸಡಿನಿಂದ ಅದುಮುತ್ತದೆ. ಮೊದಲ ವಾರಗಳಲ್ಲಿ ಹೆರಿಗೆಯ ನಂತರದ ಹಾರ್ಮೋನುಗಳ ಬಲದಿಂದ ಹಾಲು ತಾನಾಗಿಯೇ ಹರಿಯುವುದರಿಂದ ಕೊರತೆ ಕಾಣದಿರಬಹುದು. ಅನಂತರ ಎಷ್ಟು ಹಾಲು ಹೊರಬರುತ್ತದೆಯೋ ಅಷ್ಟೇ ಹೊಸದಾಗಿ ಉತ್ಪತ್ತಿಯಾಗುತ್ತದೆ. ಎದೆ ಬರಿದಾಗದಿದ್ದರೆ ಹಾಲು ಇಳಿಯುತ್ತದೆ. ಅಂದರೆ ಈ ಮನೆಯಲ್ಲಿ ಹಾಲಿನ ಕೊರತೆಯು ಕಾರಣವಾಗಿರಲಿಲ್ಲ, ಪರಿಣಾಮವಾಗಿತ್ತು.

ಸೂರಃ ಅಲ್ ಬಕರಃದ 233ನೇ ಸೂಕ್ತವನ್ನು ನಾವು ಸಾಮಾನ್ಯವಾಗಿ ಎರಡು ವರ್ಷಗಳ ಅವಧಿಗಾಗಿ ಮಾತ್ರ ಉಲ್ಲೇಖಿಸುತ್ತೇವೆ. ಅದೇ ಸೂಕ್ತವು ತಾಯಿಯ ಅನ್ನ, ವಸ್ತ್ರಗಳ ಹೊಣೆಯನ್ನು ತಂದೆಯ ಮೇಲೆ ಹೊರಿಸಿದೆ; ಮಗುವಿನ ಕಾರಣದಿಂದ ತಾಯಿಯನ್ನು ಪೀಡಿಸಬಾರದೆಂದಿದೆ; ಹಾಲು ಬಿಡಿಸುವುದಾದರೆ ತಂದೆ ತಾಯಿಯರಿಬ್ಬರೂ ಸಮಾಲೋಚಿಸಿ ಒಪ್ಪಬೇಕೆಂದಿದೆ. ಆ ಸಮಾಲೋಚನೆಯಲ್ಲಿ ನೆರೆಮನೆಯವರಿಗೆ ಸ್ಥಾನವಿಲ್ಲ. ಸಮ್ಮತಿಯಿಂದ ಬೇರೆ ಹಾಲು ಕೊಟ್ಟ ತಾಯಿ ಪಾಪಿಯೂ ಅಲ್ಲ. ಹಸಿದ ಮಗುವಿಗೆ ವೈದ್ಯರು ಹೇಳಿದ ಹಾಲನ್ನು ಕೊಡುವುದು ಕರುಣೆಯೇ ಹೊರತು ಸೋಲಲ್ಲ.

ಆದರೆ ಕಾರಣವನ್ನು ಹುಡುಕದೆ ಪುಡಿ ಹಾಲಿಗೆ ಹೊರಳುವುದು ನಮ್ಮ ಸೀಮೆಯಲ್ಲಿ ಸುಲಭದ ದಾರಿಯಲ್ಲ. ಪಾವಗಡದಂತಹ ತಾಲೂಕಿನ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಅಂಶವು ಲೀಟರಿಗೆ 1.5 ಮಿಲಿಗ್ರಾಂ ಎಂಬ ಮಿತಿಯನ್ನು ಮೀರಿರುವುದು ಎಲ್ಲರಿಗೂ ತಿಳಿದ ಸಂಗತಿ. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ತಾಯಿಯ ಹಾಲಿನಲ್ಲಾದರೋ ಅದು ಅತ್ಯಲ್ಪ. ಸೃಷ್ಟಿಕರ್ತನು ತಾಯಿಯ ದೇಹದೊಳಗೇ ಇಟ್ಟ ಈ ರಕ್ಷಣೆಯನ್ನು ಕಂಡಾಗ ಸುಬ್ಹಾನಲ್ಲಾಹ್ ಎನ್ನದಿರಲಾಗದು.

"ಅಲ್ಲಾಹನು ಕೊಟ್ಟ ನಾಲಿಗೆಗೆ ಕತ್ತರಿ ಹಾಕುವುದು ಸರಿಯೇ?" ಎಂದು ಮನೆಯ ಹಿರಿಯರೊಬ್ಬರು ನನ್ನನ್ನು ಕೇಳಿದರು. ಪ್ರವಾದಿ(ಸ)ರವರು ಚಿಕಿತ್ಸೆ ಪಡೆಯುವಂತೆ ಆದೇಶಿಸಿದ್ದಾರೆ. ಅಡ್ಡಿಯನ್ನು ನಿವಾರಿಸುವುದು ಚಿಕಿತ್ಸೆಯೇ ಆಗಿದೆ. ಸಾವಿರ ವರ್ಷಗಳ ಹಿಂದೆಯೇ ಅಂದಲುಸಿನ ವೈದ್ಯ ಅಬುಲ್ ಕಾಸಿಮ್ ಅಝ್ಝಹ್ರಾವಿಯವರು ತಮ್ಮ 'ಅತ್ತಸ್ರೀಫ್' ಗ್ರಂಥದಲ್ಲಿ ನಾಲಿಗೆಯ ಕೆಳಗಿನ ಕಟ್ಟನ್ನು ಕತ್ತರಿಸುವ ವಿಧಾನವನ್ನು ಬರೆದಿದ್ದಾರೆ. ಹಾಗೆಂದು ಪ್ರತಿಯೊಂದು ಅಂಟುನಾಲಿಗೆಗೂ ಕತ್ತರಿ ಬೇಕಿಲ್ಲ. ಮಗುವನ್ನು ಎದೆಗೆ ಹಿಡಿಯುವ ಭಂಗಿಯನ್ನು ತಿದ್ದಿದರೆ ಹಲವು ಶಿಶುಗಳು ಚೆನ್ನಾಗಿಯೇ ಕುಡಿಯುತ್ತವೆ. ಮುಂದೆ ಮಾತು ಬಾರದೇನೋ ಎಂಬ ಭಯವೊಂದರಿಂದಲೇ ಎಳೆಗೂಸಿಗೆ ಕತ್ತರಿ ಹಾಕಿಸುವುದೂ ತರವಲ್ಲ; ಅಂಟುನಾಲಿಗೆಯ ಎಷ್ಟೋ ಮಕ್ಕಳು ಸ್ಪಷ್ಟವಾಗಿಯೇ ಮಾತನಾಡುತ್ತಾರೆ.

ಈ ಮಗುವಿಗೆ ಭಂಗಿಯ ತಿದ್ದುಪಡಿ ಸಾಲಲಿಲ್ಲ. ನವಜಾತ ಶಿಶುವಿಗಾದರೆ ಕ್ಷಣಮಾತ್ರದಲ್ಲಿ ಮುಗಿಯುವ ಕೆಲಸವು ಬೆಳೆದ ಮಗುವಿನಲ್ಲಿ ಅಷ್ಟು ಸರಳವಲ್ಲ, ಅರಿವಳಿಕೆ ಬೇಕಾಗಬಹುದು. ಅದನ್ನು ಮಾಡಿಸುವ ವೇಳೆಗೆ ಮಗುವಿಗೆ ಆರು ತಿಂಗಳು ತುಂಬಿ ಕೆಳಗಿನ ಹಲ್ಲು ಮೂಡತೊಡಗಿತ್ತು. ಪೊರೆ ಬಿಡಿಸಿದ ದಿನವೇ ಎಲ್ಲವೂ ಸರಿಹೋಗಲಿಲ್ಲ. ಅರ್ಧ ವರ್ಷ ತಪ್ಪಾಗಿ ಕುಡಿದ ನಾಲಿಗೆಯು ಹೊಸ ಪಾಠವನ್ನು ಕಲಿಯಬೇಕಿತ್ತು. ಆ ದಿನಗಳಲ್ಲಿ ತಾಯಿಯು ಕೈಯಿಂದ ಹಾಲು ಹಿಂಡಿ ಚಮಚದಲ್ಲಿ ಕುಡಿಸಿದಳು. ಪತಿಯು ರಾತ್ರಿಯ ನಿದ್ರೆಗೆಟ್ಟು ಮಗುವನ್ನು ಹೊತ್ತು ನಡೆದನು, ಅಡುಗೆಯ ಹೊಣೆ ಹೊತ್ತನು. ಸುಮಾರು ಮೂರು ವಾರಗಳ ಬಳಿಕ ಟಕ್ ಟಕ್ ಸದ್ದು ನಿಂತಿತು. ಅಷ್ಟರಲ್ಲಿ ರಮಝಾನ್ ಬಂತು. ಹಾಲೂಡಿಸುವ ತಾಯಿಗೆ ತನ್ನ ಅಥವಾ ಮಗುವಿನ ಆರೋಗ್ಯದ ಭಯವಿದ್ದರೆ ಉಪವಾಸದಿಂದ ರಿಯಾಯಿತಿಯಿದೆ, ಅದನ್ನು ಬಳಿಕ ಪೂರೈಸಬಹುದು ಎಂದು ನಾನು ಹೇಳಿದಾಗ ಆಕೆ ಅತ್ತಳು. ಯಾರೂ ಆಕೆಗೆ ಅದುವರೆಗೆ ಯಾವ ರಿಯಾಯಿತಿಯನ್ನೂ ಕೊಟ್ಟಿರಲಿಲ್ಲ.

ಸಹೋದರರೇ, ಸಹೋದರಿಯರೇ, ಹಾಲು ಸಾಲದೆಂದು ತಾಯಿಯನ್ನು ದೂಷಿಸುವ ಮುನ್ನ ಮಗುವಿನ ಬಾಯಿಯನ್ನು ವೈದ್ಯರಿಗೆ ತೋರಿಸಿರಿ. ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಒಂದು ವರ್ಷದೊಳಗಿನ ಅಸ್ವಸ್ಥ ಶಿಶುಗಳಿಗೆ ಸರಕಾರಿ ಆಸ್ಪತ್ರೆಗಳಲ್ಲಿ ಉಚಿತ ಚಿಕಿತ್ಸೆಯಿದೆ. ಆಶಾ ಕಾರ್ಯಕರ್ತೆಯನ್ನು ವಿಚಾರಿಸಿರಿ. ಬಂಧುವೊಬ್ಬರು ಮಗುವಿಗೆ ಹಾಲೂಡಿಸಲು ಮುಂದಾದರೆ ಅದನ್ನು ಬರೆದಿಡಿ. ಹನಫಿ ಮಝ್ಹಬಿನಲ್ಲಿ ಅಲ್ಪ ಹಾಲೂ ಹಾಲಿನ ಸಂಬಂಧವನ್ನು ಸ್ಥಾಪಿಸುತ್ತದೆ, ಮುಂದೆ ಆ ಮಕ್ಕಳ ನಡುವೆ ವಿವಾಹ ನಿಷಿದ್ಧವಾಗುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ದಣಿದ ತಾಯಿಯ ಕೈಗೆ ಒಂದು ಲೋಟ ನೀರನ್ನು ಕೊಡಿರಿ.

ಅಲ್ಲಾಹನು ನಮ್ಮ ಮನೆಗಳ ಎಳೆಯ ಮಕ್ಕಳ ಹಸಿವನ್ನು ನೀಗಿಸಲಿ. ಅವರ ತಾಯಂದಿರ ಶ್ರಮವನ್ನು ಆರಾಧನೆಯಾಗಿ ಸ್ವೀಕರಿಸಲಿ. ಆಮೀನ್.