ತಿಕೀಟಿನ ವಹಿ

ಅಂಚೆಯ ಚೀಟಿಗಳನ್ನು ಕೂಡಿಹಾಕುವದು ಹುಡುಗರ ಹುಚ್ಚೆಂದು ಹಿರಿಯರು ತಿಳಿಯುತ್ತಿದ್ದ ಕಾಲವೊಂದಿತ್ತು. ಪಾಠಶಾಲೆಯ ನಮ್ಮ ಗುರುಗಳಂತೂ ಅಪರಿಗ್ರಹವನ್ನು ಬೋಧಿಸುವಾಗ ನನ್ನ ಕಡೆಗೇ ನೋಡುತ್ತಿದ್ದರು. ಆದರೂ ಶಬ್ದರೂಪಾವಳಿಯ ಮಗ್ಗುಲಲ್ಲಿ ನನ್ನ ತಿಕೀಟಿನ ವಹಿಯು ಬೆಳೆಯುತ್ತಲೇ ಇತ್ತು. (ನಮ್ಮ ಭಾಗದಲ್ಲಿ ಅದಕ್ಕೆ ಪೋಸ್ಟಿನ ತಿಕೀಟೆಂದೇ ಹೆಸರು; ‘ಅಂಚೆಚೀಟಿ’ ಎಂಬದು ಪುಸ್ತಕದ ಮಾತು.) ನಿವೃತ್ತಿಯ ತರುವಾಯ ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ಆ ವಹಿಯು ದೊರೆಯಲು, ನಲವತ್ತು ವರ್ಷ ಮಲಗಿದ್ದ ಹುಚ್ಚು ಎಚ್ಚತ್ತಿತು.

ಅದರೊಳಗಿನ ಸಂಪತ್ತೆಲ್ಲ ಹೆಚ್ಚಾಗಿ ಬನಹಟ್ಟಿಯ ಒಂದು ಸೀರೆಯ ಅಂಗಡಿಯದು. ರಬಕವಿ-ಬನಹಟ್ಟಿಗಳೆಂದರೆ ಮಗ್ಗಗಳ ಊರುಗಳು. ನೂಲಿನ, ಬಣ್ಣದ, ಸೀರೆಯ ವ್ಯವಹಾರದ ಕಾಗದಗಳು ಸೊಲ್ಲಾಪುರ, ಪುಣೆ, ಮುಂಬಯಿಗಳಿಂದ ದಿನಾಲು ಬರುತ್ತಿದ್ದವು. ಸಾವಕಾರರು ಅವನ್ನು ತಂತಿಗೆ ಚುಚ್ಚಿ ತೂಗಹಾಕಿರುತ್ತಿದ್ದರು. “ತಿಕೀಟ ಬೇಕಾದ್ರ ಒಯ್ಯೋ ತಮ್ಮಾ, ಕಾಗದಕ್ಕ ಕೈ ಹಚ್ಚಬ್ಯಾಡ; ಲೆಕ್ಕದ್ದೈತಿ” ಎನ್ನುವರು. ಲಕೋಟೆಯ ಮೂಲೆಯನ್ನು ಕತ್ತರಿಸಿ ತಂದು, ತಾಟಿನ ನೀರಿನಲ್ಲಿ ನೆನೆಯಿಟ್ಟು, ಚೀಟಿ ತಾನಾಗಿ ಬಿಟ್ಟು ತೇಲುವವರೆಗೆ ಕಾಯಬೇಕು. ಅವಸರಿಸಿದರೆ ಅಂಚಿನ ಹಲ್ಲು ಮುರಿಯುವದು. ಆ ಕಾಯುವಿಕೆಯಲ್ಲಿದ್ದ ಸುಖವು ಜಪಕ್ಕೆ ಕುಳಿತಾಗಲೂ ನನಗೆ ಸಿಕ್ಕಿದ್ದು ವಿರಳ.

ಜಮಖಂಡಿಯ ಪಟವರ್ಧನರಾಗಲಿ ಮುಧೋಳದ ಘೋರ್ಪಡೆಯವರಾಗಲಿ ತಮ್ಮದೇ ಆದ ಟಪಾಲಿನ ಚೀಟಿಗಳನ್ನು ಹೊರಡಿಸಲಿಲ್ಲ; ಸಂಸ್ಥಾನದ ಹೆಸರು ಕಾಣುವದು ಹಳೆಯ ನ್ಯಾಯಾಲಯ ಶುಲ್ಕದ ಚೀಟಿಗಳ ಮೇಲೆ. ಆದುದರಿಂದ ನಮ್ಮ ಸೀಮೆಯ ಚಿತ್ರವನ್ನು ಭಾರತದ ಚೀಟಿಗಳಲ್ಲಿಯೇ ಹುಡುಕಬೇಕು. 1949ರ ಆಗಸ್ಟ 15ರಂದು ಹೊರಟ ಮಾಲೆಯೊಳಗೆ ಆರಾಣೆಯ ಚೀಟಿಗೆ ವಿಜಾಪುರದ ಗೋಲಗುಮ್ಮಟ ಬಂದಿತ್ತು. ಜಮಖಂಡಿ ಆಗ ವಿಜಾಪುರ ಜಿಲ್ಲೆಯಲ್ಲಿದ್ದುದರಿಂದ ಅದು ನಮ್ಮದೆಂದೇ ಹೆಮ್ಮೆ. ಬಾಗಲಕೋಟೆ ಜಿಲ್ಲೆಯಾದದ್ದು 1997ರಲ್ಲಿ. 2005ರಲ್ಲಿ ಮುಧೋಳದ ನಾಯಿಗೂ ಚೀಟಿಯ ಮಾನ ದೊರೆಯಿತು. ರನ್ನನ ಊರೆನಿಸಿದ ಮುಧೋಳವು ಚೀಟಿಯ ಮೇಲೆ ನಾಯಿಯಿಂದ ಮೆರೆಯಿತೆಂದು ಸ್ನೇಹಿತರೊಬ್ಬರು ಗೊಣಗಿದರು. ನನಗೇನೋ ಆ ನೀಳವಾದ ಬೇಟೆನಾಯಿಯ ಚೀಟಿಯು ಪ್ರಿಯವೇ. ಹುಚ್ಚು ಮರಳಿದ ಮೇಲೆ ಮೊದಲು ಕೊಂಡದ್ದು ಅದನ್ನೇ.

ಬಾಲ್ಯದಲ್ಲಿ ಚಿತ್ರವೇ ಎಲ್ಲವೂ. ಮೇಲಿನ ಕರಿಯ ಮುದ್ರೆಯು ಚಿತ್ರವನ್ನು ಕೆಡಿಸುವ ಕಲೆಯೆಂದೆನಿಸುತ್ತಿತ್ತು. ಈಗ ಕನ್ನಡಕವನ್ನೇರಿಸಿ ಮೊದಲು ನೋಡುವದು ಆ ಮುದ್ರೆಯನ್ನೇ. ಊರು, ದಿನ, ತಿಂಗಳು ಎಲ್ಲವೂ ಆ ಸಣ್ಣ ವರ್ತುಲದೊಳಗಿವೆ. ನೆನೆಸಿ ತೆಗೆದ ಚೀಟಿಯಲ್ಲಿ ವರ್ತುಲದ ತುಣುಕಷ್ಟೇ ಉಳಿಯುವದು; ಪೂರ್ಣ ಮುದ್ರೆ ಬೇಕಾದರೆ ಲಕೋಟೆಯೇ ಇಡಿಯಾಗಿ ಇರಬೇಕು.

ಅಂಥ ಇಡಿಯ ಲಕೋಟೆ ನನ್ನಲ್ಲಿ ಒಂದೇ ಒಂದಿತ್ತು. ನಮ್ಮ ಅಕ್ಕನನ್ನು ಬೀಳಗಿ ತಾಲ್ಲೂಕಿನ ಹೊಳೆಯ ದಂಡೆಯ ಹಳ್ಳಿಗೆ ಕೊಟ್ಟಿತ್ತು. ಅವಳ ಕಾಗದಗಳಿಗೆ ಕತ್ತರಿ ತಾಗಗೊಡದೆ ನಮ್ಮ ತಾಯಿ ಕಾದಿದ್ದಳು. 1977ರ ಅಕ್ಟೋಬರದಲ್ಲಿ ಹೊರಟ ಕಿತ್ತೂರ ಚೆನ್ನಮ್ಮನ 25 ಪೈಸೆಯ ಚೀಟಿ ಅದರ ಮೇಲಿದೆ. ಪಕ್ಕದಲ್ಲಿ ಹಳ್ಳಿಯ ಶಾಖಾ ಕಚೇರಿಯ ಮುದ್ರೆ. ಒಳಗೆ ಹೆಚ್ಚಿನದೇನಿಲ್ಲ: ಬಿಳಿಜೋಳ ಹುಲುಸಾಗಿದೆ, ಎಮ್ಮೆ ಈದಿದೆ, ಸಂಕ್ರಾಂತಿಗೆ ಬರಲಾಗದು.

1964ರಲ್ಲಿ ಲಾಲ ಬಹಾದ್ದೂರ ಶಾಸ್ತ್ರಿಗಳು ಅಡಿಗಲ್ಲಿಟ್ಟ ಆಲಮಟ್ಟಿಯ ಅಣೆಕಟ್ಟಿನಲ್ಲಿ ನೀರು ನಿಂತಮೇಲೆ ಆ ಹಳ್ಳಿ ಮುಳುಗಿತು. ಅಕ್ಕನ ಮನೆತನ ಈಗ ಪುನರ್ವಸತಿ ಕೇಂದ್ರದಲ್ಲಿದೆ. ಹಳೆಯ ಮುದ್ರೆಗಳನ್ನು ಕೊಳ್ಳುವ ಗೃಹಸ್ಥರೊಬ್ಬರು ಈ ಲಕೋಟೆಗೆ ಒಳ್ಳೆಯ ಬೆಲೆಯನ್ನೇ ಹೇಳಿದ್ದರು. ನಾನು ಅವರಿಗೆ ಉತ್ತರವನ್ನು ಕೊಡುವ ಮುಂಚೆ ಅದನ್ನು ಅಕ್ಕನಿಗೆ ತೋರಿಸಲು ಒಯ್ದೆನು.

ಎಂಬತ್ತರ ಸಮೀಪದ ಅವಳು ತನ್ನ ಅಕ್ಷರಗಳನ್ನು ನೋಡಲಿಲ್ಲ; ಮುದ್ರೆಯ ಮೇಲೆ ಬೆರಳಾಡಿಸಿದಳು. “ಪೋಸ್ಟು ಗೌಡರ ಪಡಸಾಲ್ಯಾಗಿತ್ತು. ಸಾಲಿ ಬಿಟ್ಟಮ್ಯಾಲ ಮಾಸ್ತರ ಬಂದು ಸಿಕ್ಕಾ ಹೊಡೀತಿದ್ರು. ಹೊಳೀಗೆ ನೀರಿಗೆ ಹೋಗೂವಾಗ ಸಪ್ಪಳ ಕೇಳತಿತ್ತು” ಎಂದಳು. ಸ್ವಲ್ಪ ಹೊತ್ತಿನ ಮೇಲೆ, “ತಮ್ಮಾ, ಇದನ್ನ ನನ್ನ ಹಂತೇಕ ಬಿಡ್ತಿಯೇನು?” ಎಂದು ಕೇಳಿದಳು.

ಬಿಟ್ಟು ಬಂದಿದ್ದೇನೆ. ಚೆನ್ನಮ್ಮನ ಅದೇ ಚೀಟಿ ವಹಿಯಲ್ಲಿ ಇನ್ನೆರಡು ಇವೆ. ಒಂದರ ಮೇಲೆ ಸೊಲ್ಲಾಪುರದ ಅರ್ಧ ಮುದ್ರೆ, ಇನ್ನೊಂದರದು ಅಳಿಸಿದೆ.