ಪಾಲು ಬೇರೆ, ಪಗಾರ ಬೇರೆ

ಇಂಡಿ ಮಾರುಕಟ್ಟೆಯ ಗೇಟು ದಾಟುವ ಮೊದಲೇ ಲಿಂಬೆಯ ವಾಸನೆ ಮೂಗಿಗೆ ಬಡಿಯುತ್ತದೆ. 2026ರ ಮಾರ್ಚ್ ಕೊನೆಯ ವಾರ. ಗಂಟೆ ಇನ್ನೂ ಒಂಬತ್ತಾಗಿಲ್ಲ, ಬಿಸಿಲು ಆಗಲೇ ಹೆಗಲ ಮೇಲೆ ಕೂತಿದೆ. ಚೀಲಗಳ ಸಾಲಿನ ನಡುವೆ ಸವಾಲು ನಡೆದಿದೆ. ಒಬ್ಬ ಬೆಲೆ ಕೂಗುತ್ತಾನೆ, ಸುತ್ತ ನಿಂತವರು ಕಾಯಿ ಹಿಚುಕಿ ನೋಡುತ್ತಾರೆ, ಹಮಾಲರು ನಿಮ್ಮನ್ನು ಪಕ್ಕಕ್ಕೆ ಸರಿಸಿಕೊಂಡು ಹೋಗುತ್ತಾರೆ.

ನಿಮ್ಮ ಮುಂದೆ ನಡೆಯುತ್ತಿರುವವರು ವಕೀಲರು. ಕರಿ ಕೋಟಿಲ್ಲ, ಕೋರ್ಟಿನ ಮೆಟ್ಟಿಲು ಹತ್ತಿದವರೂ ಅಲ್ಲ. ಆದರೆ ಈ ಸೀಮೆಯ ಅಂಗಡಿಕಾರರಿಗೆ ರಿಟರ್ನ್ ತುಂಬಿಕೊಡುವವರೆಲ್ಲ ವಕೀಲರೇ. ಒಂದು ಹೆಗಲಿಗೆ ಲ್ಯಾಪ್‌ಟಾಪು, ಕಂಕುಳಲ್ಲಿ ದಾರ ಸುತ್ತಿದ ಫೈಲುಗಳು. ಇವತ್ತು ನಾಲ್ಕು ಊರು ಆಗಬೇಕು: ಇಂಡಿ, ಸಿಂದಗಿ, ಬಸವನಬಾಗೇವಾಡಿ, ಮುದ್ದೇಬಿಹಾಳ. 31ನೇ ತಾರೀಖಿಗೆ ವರ್ಷದ ವಹಿ ಮುಚ್ಚುತ್ತದೆ.

ಅಡತಿ ಅಂಗಡಿಯ ಗಾದಿ ಮೇಲೆ ಮಾವ ಕೂತಿದ್ದಾರೆ, ಅಳಿಯ ಅಂಗಳದಲ್ಲಿ ಸವಾಲು ನೋಡುತ್ತಾನೆ. ಇಬ್ಬರೂ ಪಾಲುದಾರರು. ಚಾ ಬರುವ ಮೊದಲೇ ಮಾವ ವಿಷಯಕ್ಕೆ ಬರುತ್ತಾರೆ.

"ಈ ಸಲ ಎಂಟು ಪರ್ಸೆಂಟ್ ತೋರಿಸಿ ಕೈ ತೊಳ್ಕೊಂಬಿಡೂಣ್ರಿ ವಕೀಲರ. ಬಾಜೂ ಅಂಗಡಿಯಾಂವ ಹಂಗ ಮಾಡ್ಯಾನ."

"ಅಂವಾ ಕಿರಾಣಿ ಮಾರಾಂವ್ರಿ. ನೀವು ದಲಾಲಿ ತಗೊಳ್ಳಾವ್ರು. ಕಮಿಷನ್ನಿಗೆ 44ಎಡಿ ಇಲ್ಲ."

ಮಾವನ ಮುಖ ಸಪ್ಪಗಾಗುತ್ತದೆ. ವಹಿವಾಟಿನ ಶೇ 8 ಅಥವಾ ಬ್ಯಾಂಕಿನ ಮೂಲಕ ಬಂದ ಹಣಕ್ಕೆ ಶೇ 6 ಲಾಭವೆಂದು ತೋರಿಸಿ ಪುಸ್ತಕದ ಗೋಜಿಲ್ಲದೆ ಮುಗಿಸುವ ದಾರಿ ಚಿಕ್ಕ ವ್ಯಾಪಾರಿಗೆ ಉಂಟು, ದಲಾಲಿಗೆ ಇಲ್ಲ. ಇವರು ಕೀರ್ದಿ, ಖಾತೆ ಎಲ್ಲ ಇಡಬೇಕು. ರೈತನ ಮಾಲನ್ನು ರೈತನ ಪರವಾಗಿ ಮಾರಿ ಕಮಿಷನ್ ಮಾತ್ರ ತೆಗೆದುಕೊಂಡರೆ ಕಚ್ಚಾ ಅಡತಿ, ಆಗ ಆ ಕಮಿಷನ್ನಷ್ಟೇ ವಹಿವಾಟು. ತಾನೇ ಖರೀದಿಸಿ ತನ್ನ ಜವಾಬ್ದಾರಿಯಲ್ಲಿ ಮಾರಿದರೆ ಪಕ್ಕಾ ಅಡತಿ, ಮಾರಿದ ಇಡೀ ಮೊತ್ತ ಲೆಕ್ಕಕ್ಕೆ ಬರುತ್ತದೆ. 1986ರ ಮಾರ್ಚಿನ 452ನೇ ಸುತ್ತೋಲೆ ಮಾಡಿದ ಈ ಗೆರೆಯ ಮೇಲೆಯೇ ಆಡಿಟ್ ಬೇಕೋ ಬೇಡವೋ ಎಂಬುದು ಇವತ್ತಿಗೂ ನಿಂತಿದೆ.

ಅಂಗಳದಲ್ಲಿ ಚೀಲದ ಮೇಲೆ ಕೂತ ರೈತನನ್ನು ನೋಡಿ. ಭೌಗೋಳಿಕ ಮಾನ್ಯತೆ ಪಡೆದ ಇಂಡಿ ಲಿಂಬೆ ಬೆಳೆದವನು ಅವನು. ಅವನ ದುಡ್ಡು ಕೃಷಿ ಆದಾಯ, ಅದಕ್ಕೆ ಆದಾಯ ತೆರಿಗೆಯಿಲ್ಲ. ಅದೇ ಚೀಲ ಹತ್ತು ಹೆಜ್ಜೆ ಸರಿದು ಗಾದಿಯ ಮುಂದೆ ಬಂದರೆ, ಅದರ ಮೇಲೆ ಹುಟ್ಟುವ ಕಮಿಷನ್ನಿಗೆ ಉಂಟು.

ವಕೀಲರು ಎರಡು ಪ್ಯಾನ್ ಕಾರ್ಡು ತೆಗೆದು ನಿಮ್ಮ ಅಂಗೈಯಲ್ಲಿಡುತ್ತಾರೆ. ಮಾವನದರಲ್ಲಿ ನಾಲ್ಕನೆಯ ಅಕ್ಷರ ಪಿ, ಅಂಗಡಿಯದರಲ್ಲಿ ಎಫ್. 1932ರ ಪಾಲುದಾರಿಕೆ ಕಾಯ್ದೆಯನ್ನು ಕೇಳಿದರೆ ಫರ್ಮು ಎಂಬುದು ಪಾಲುದಾರರೆಲ್ಲರಿಗೆ ಇಟ್ಟ ಒಟ್ಟು ಹೆಸರು, ಅಷ್ಟೇ. ಕಂಪನಿಯ ಹಾಗೆ ಬೇರೆ ಜೀವವಲ್ಲ. ಆದಾಯ ತೆರಿಗೆಯವರನ್ನು ಕೇಳಿದರೆ ಅದೊಂದು ಬೇರೆಯೇ ಆಸಾಮಿ: ಬೇರೆ ಪ್ಯಾನು, ಬೇರೆ ರಿಟರ್ನು, ಬೇರೆ ದರ. ಆ ಆಸಾಮಿಗೆ ವಿನಾಯಿತಿಯ ಮಿತಿಯೆಂಬುದೇ ಇಲ್ಲ. ಮೊದಲ ರೂಪಾಯಿಯಿಂದಲೇ ಶೇ 30, ಮೇಲೆ ಸೆಸ್ ಸೇರಿ 31.2. ಇದೇ ಅಂಗಡಿಯನ್ನು ಮಾವ ಒಬ್ಬರೇ ತಮ್ಮ ಹೆಸರಲ್ಲಿ ನಡೆಸಿದ್ದರೆ ಹೊಸ ಪದ್ಧತಿಯಲ್ಲಿ 12 ಲಕ್ಷದ ಆದಾಯದವರೆಗೆ ರಿಯಾಯಿತಿ ಸಿಕ್ಕು ತೆರಿಗೆ ಸೊನ್ನೆಯಾಗುತ್ತಿತ್ತು. ಇಬ್ಬರು ಕೂಡಿ ದುಡಿದರೆ ಶಿಕ್ಷೆಯೇ ಎಂದು ನಿಮಗೆ ಅನ್ನಿಸಿದರೆ ತಪ್ಪಿಲ್ಲ, ನನಗೂ ಅನ್ನಿಸಿದೆ. ತಪ್ಪಿಸಿಕೊಳ್ಳಲು ಕಾನೂನೇ ಇಟ್ಟ ಬಾಗಿಲು ಒಂದಿದೆ. ಅದರ ಕೀಲಿ ಪಾಲುಪತ್ರದಲ್ಲಿದೆ.

ಆ ಬಾಗಿಲು ತೆರೆಯುವುದನ್ನು ಸಿಂದಗಿಯಲ್ಲಿ ನೋಡುತ್ತೀರಿ.

ಅಣ್ಣ, ತಮ್ಮ, ಅವ್ವ. ತೊಗರಿ ಖರೀದಿಯ ಅಂಗಡಿ. ಕೆಳಗೆ ಮಾಲು, ಮೇಲೆ ಮನೆ. ಅವ್ವ ಒಳಗಿನಿಂದ ಚುರುಮುರಿಯ ತಟ್ಟೆ ಕಳಿಸಿ, ತಾವೂ ಬಂದು ಬಾಗಿಲ ಚೌಕಟ್ಟಿಗೆ ಆತುಕೊಂಡು ಕೂರುತ್ತಾರೆ. ಅವರೂ ಪಾಲುದಾರರು, ಐದು ಲಕ್ಷ ಹಾಕಿದವರು. ಮಕ್ಕಳಿಬ್ಬರದೂ ಐದೈದು. ಪಾಲು ಮೂವರಿಗೂ ಸಮ.

ವಕೀಲರು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಲೆಕ್ಕ ಬರೆಯುತ್ತಾರೆ. ವರ್ಷದ ಲಾಭ 10,80,000. ಮೊದಲು ಬಂಡವಾಳದ ಬಡ್ಡಿ. ಪತ್ರದಲ್ಲಿ ಬರೆದಿದ್ದರೆ ಹೆಚ್ಚೆಂದರೆ ಶೇ 12. ಒಬ್ಬೊಬ್ಬರಿಗೆ 60,000, ಮೂವರಿಂದ 1,80,000. ಉಳಿದದ್ದು 9,00,000. ಇನ್ನು ಪಗಾರ. ಮೊದಲ ಆರು ಲಕ್ಷಕ್ಕೆ ಶೇ 90 ಅಥವಾ ಮೂರು ಲಕ್ಷ, ಯಾವುದು ಹೆಚ್ಚೋ ಅದು; ಅಂದರೆ 5,40,000. ಮೇಲಿನ ಮೂರು ಲಕ್ಷಕ್ಕೆ ಶೇ 60, ಅಂದರೆ 1,80,000. ಒಟ್ಟು 7,20,000. ಈ ಆರು ಲಕ್ಷದ ಮೆಟ್ಟಿಲು 2024ರ ಬಜೆಟ್ಟಿನಲ್ಲಿ ಬಂದದ್ದು. ಅದಕ್ಕೆ ಮೊದಲು 2009ರಿಂದ ಮೂರು ಲಕ್ಷದಲ್ಲೇ ನಿಂತಿತ್ತು.

"ಅವ್ವನ ಪಗಾರ?" ತಮ್ಮ ಕೇಳುತ್ತಾನೆ.

"ಅವ್ವಾರು ಅಂಗಡ್ಯಾಗ ಕುಂಡ್ರತಾರೇನು? ಖರೇ ಹೇಳ್ರಿ."

ಅವ್ವನೇ ಉತ್ತರಿಸುತ್ತಾರೆ: "ನಾ ಯಾಕ ಕುಂಡ್ರಲಿ? ನನಗ ಮನ್ಯಾಗಿನ ಕೆಲಸನ ರಗಡ ಅದಾವ."

ಹಾಗಾದರೆ ಅವರಿಗೆ ಬಡ್ಡಿ ಉಂಟು, ಪಾಲು ಉಂಟು, ಪಗಾರ ಇಲ್ಲ. ದುಡಿಯುವ ಪಾಲುದಾರನಿಗೆ ಕೊಟ್ಟ ಪಗಾರ ಮಾತ್ರ ಫರ್ಮಿನ ಖರ್ಚು. 7,20,000 ಮಕ್ಕಳಿಬ್ಬರಿಗೆ, ತಲೆಗೆ 3,60,000. ಫರ್ಮಿನಲ್ಲಿ ಉಳಿದದ್ದು 1,80,000. ಅದರ ತೆರಿಗೆ 56,160. ತೆರಿಗೆ ಹೋಗಿ ಮಿಕ್ಕ 1,23,840ನ್ನು ಮೂರು ಪಾಲು ಮಾಡಿದರೆ ತಲೆಗೆ 41,280. ಈ 41,280ಕ್ಕೆ ಯಾರೂ ಮತ್ತೆ ತೆರಿಗೆ ಕಟ್ಟಬೇಕಾಗಿಲ್ಲ, ಫರ್ಮು ಕಟ್ಟಿಯಾಗಿದೆ. ಪಗಾರ, ಬಡ್ಡಿ ಮಾತ್ರ ಅವರವರ ರಿಟರ್ನಿಗೆ ಹೋಗುತ್ತವೆ. ಪಗಾರ ಎಂದು ಕರೆದರೂ ಅದು ನೌಕರನ ಸಂಬಳವಲ್ಲ, ವ್ಯಾಪಾರದ ಆದಾಯ. ನೌಕರರಿಗೆ ಸಿಗುವ 75,000ದ ಕಡಿತ ಇಲ್ಲಿಲ್ಲ.

ಪತ್ರದಲ್ಲಿ ಬಡ್ಡಿಯ ಸಾಲೂ ಪಗಾರದ ಸಾಲೂ ಇರದಿದ್ದರೆ? ವಕೀಲರು ಕೆಳಗೆ ಇನ್ನೊಂದು ಅಂಕಿ ಬರೆದು ಸುತ್ತು ಹಾಕುತ್ತಾರೆ: 3,36,960. ಅಣ್ಣ ಆ ಸುತ್ತನ್ನು ಬಹಳ ಹೊತ್ತು ನೋಡುತ್ತಾನೆ.

ಇಷ್ಟರಲ್ಲಿ ಮುಗಿಯಿತು ಅಂದುಕೊಳ್ಳುವಾಗ ಹೊಸ ಕಿರಿಕಿರಿ ಬರುತ್ತದೆ. 2025ರ ಏಪ್ರಿಲ್ 1ರಿಂದ 194ಟಿ ಎಂಬ ಸೆಕ್ಷನ್ ಬಂದಿದೆ. ಪಾಲುದಾರನ ಪಗಾರ, ಬಡ್ಡಿ, ಬೋನಸ್, ಕಮಿಷನ್ ಎಲ್ಲ ಕೂಡಿ ವರ್ಷಕ್ಕೆ 20,000 ದಾಟಿದರೆ ಫರ್ಮು ಶೇ 10 ಮುರಿದು ಸರ್ಕಾರಕ್ಕೆ ಕಟ್ಟಬೇಕು. ಇದು ಅದರ ಮೊದಲ ವರ್ಷಾಂತ್ಯ. ನಾಲ್ಕು ಊರಿಗೆ ವಕೀಲರ ಓಡಾಟವೂ ಇದಕ್ಕೇ.

"ರೊಕ್ಕ ನಾವು ತಗೊಂಡೇ ಇಲ್ಲಲ್ರೀ, ಅಂಗಡ್ಯಾಗ ಐತಿ."

"ಖಾತೆಗೆ ಜಮಾ ಬರದ್ರ ಸಾಕು. ಬರದ ದಿನಾನ ಮುರೀಬೇಕು."

ಮಕ್ಕಳಿಗೆ ತಲೆಗೆ 42,000, ಅವ್ವನಿಗೆ 6,000. ಒಟ್ಟು 90,000 ಏಪ್ರಿಲ್ 30ರೊಳಗೆ ಕಟ್ಟಬೇಕು. ಬೇರೆ ಆದಾಯವಿಲ್ಲದಿದ್ದರೆ ಈ ಮೂವರಲ್ಲಿ ಒಬ್ಬರಿಗೂ ಕೊನೆಗೆ ತೆರಿಗೆ ಬೀಳುವುದಿಲ್ಲ. ಅಂದರೆ 90,000ವೂ ರಿಟರ್ನ್ ತುಂಬಿ, ಕಾದು, ವಾಪಸ್ ತರಬೇಕಾದ ದುಡ್ಡು. ಬ್ಯಾಂಕಿನಲ್ಲಿ ಮಾಡಿದಂತೆ 15ಜಿ ಫಾರ್ಮು ಬರೆದುಕೊಟ್ಟು ತಪ್ಪಿಸಿಕೊಳ್ಳುವ ದಾರಿ ಇದಕ್ಕಿಲ್ಲ. 20,000 ಎಂದರೆ ಈ ವರ್ಷದ ಬೆಂಬಲ ಬೆಲೆಯಲ್ಲಿ ಎರಡೂವರೆ ಕ್ವಿಂಟಲ್ ತೊಗರಿ. ತೆರಿಗೆ ತಪ್ಪಿಸುವವರನ್ನು ಹಿಡಿಯಲು ಇಷ್ಟು ಸಣ್ಣ ಜಾಳಿಗೆ ಬೇಕಿತ್ತೇ?

"ನನ್ನ ಆರ ಸಾವಿರ ಯಾವಾಗ ಬರ್ತಾವ?" ಅವ್ವ ಕೇಳುತ್ತಾರೆ. ವಕೀಲರು ಚುರುಮುರಿ ಬಾಯಿಗೆ ಹಾಕಿಕೊಳ್ಳುತ್ತಾರೆ.

ದೇವರಹಿಪ್ಪರಗಿ ದಾಟಿ ಬಸವನಬಾಗೇವಾಡಿ ಕಡೆಗೆ ಕಾರು ತಿರುಗುತ್ತದೆ. ಎರಡೂ ಬದಿಗೆ ಬಿರುಕು ಬಿಟ್ಟ ಎರಿ ಭೂಮಿ, ತೊಗರಿ ಕೊಯ್ದ ಕೂಳೆ. ಬಸವಣ್ಣನವರು ಹುಟ್ಟಿದ ಊರಿದು. ಬಿಜ್ಜಳನ ಭಂಡಾರದ ಲೆಕ್ಕ ನೋಡಿದವರ ಊರಿಗೆ ಲೆಕ್ಕದ ಫೈಲು ಹಿಡಿದು ಬರುವಾಗ ವಕೀಲರು ಗುಡಿಯ ಕಡೆ ಕೈ ಮುಗಿಯುತ್ತಾರೆ.

ಇಲ್ಲಿನ ಕಾಕಾ ಗಾದಿ ಬಿಡುವವರು. ನಲವತ್ತು ವರ್ಷದ ಸಗಟು ಅಂಗಡಿ. ಅವರ ಬಾಯಲ್ಲಿ ಹಳೆಯ ಕಾಲ ಬರುತ್ತದೆ: "ಆಗ ಫರ್ಮಿಗೂ ಟ್ಯಾಕ್ಸು, ಪಾಲು ಮನಿಗೆ ಒಯ್ದ್ರ ಅಲ್ಲೂ ಟ್ಯಾಕ್ಸು." ಕಾಕಾನ ನೆನಪು ಸರಿಯಾಗಿದೆ. ಇಲಾಖೆಯಲ್ಲಿ ನೋಂದಾಯಿಸಿದ ಫರ್ಮು ಸ್ವಲ್ಪ ತೆರಿಗೆ ಕಟ್ಟುತ್ತಿತ್ತು. ಮಿಕ್ಕ ಲಾಭ ಪಾಲುದಾರರ ತಲೆಗೆ ಹಂಚಿ ಅಲ್ಲಿ ಮತ್ತೆ ತೆರಿಗೆ. 1992ರ ಹಣಕಾಸು ಕಾಯ್ದೆ ಅದನ್ನು ಕೈಬಿಟ್ಟಿತು. 1993–94ರ ನಿರ್ಧರಣಾ ವರ್ಷದಿಂದ ಲಾಭಕ್ಕೆ ಫರ್ಮಿನಲ್ಲಿ ಒಂದೇ ಸಲ ತೆರಿಗೆ, ಪಾಲುದಾರನಿಗೆ ಪಾಲು ಮುಕ್ತ.

ಕಾಕಾನ ಖಾತೆಯಲ್ಲಿ ಎಂಟು ಲಕ್ಷ ಜಮಾ ಇದೆ. ಊರ ಹೊರಗಿನ ಗೋದಾಮಿನ ಬೆಲೆ ಏರಿರುವುದರಿಂದ ಉಳಿದ ಪಾಲುದಾರರು ಅವರಿಗೆ ಇಪ್ಪತ್ತು ಲಕ್ಷ ಕೊಡಲು ಒಪ್ಪಿದ್ದಾರೆ. ಅಂಗಡಿಯಲ್ಲಿ ಯಾರಿಗೂ ಯಾರ ಮೇಲೂ ಸಿಟ್ಟಿಲ್ಲ. ಸಿಟ್ಟು ಬರುವುದು ವಕೀಲರು ಬಾಯಿ ತೆರೆದ ಮೇಲೆ.

"ಹೆಚ್ಚಿಗಿ ಕೊಡೂ ಹನ್ನೆರಡು ಲಕ್ಷ ಫರ್ಮಿನ ಲಾಭ ಅಂತ ಹಿಡೀತಾರ."

"ಕಾಕಾನ ಪಾಲು ಕಾಕಾಗ ಕೊಟ್ರ ಫರ್ಮಿಗೇನು ಲಾಭ?"

ಇದೇ ಪ್ರಶ್ನೆ ಬೆಂಗಳೂರಿನಲ್ಲಿ ಹೈಕೋರ್ಟಿನ ಪೂರ್ಣಪೀಠದ ಮುಂದೆ ಬಂದಿತ್ತು. ಡೈನಾಮಿಕ್ ಎಂಟರ್‌ಪ್ರೈಸಸ್ ಪ್ರಕರಣದಲ್ಲಿ 2013ರಲ್ಲಿ ಬಂದ ತೀರ್ಪು ಈ ಪಾಲುದಾರರ ಮಾತನ್ನೇ ಹೇಳಿತು: ಹಣ ಪಡೆದು ಹೊರಬಿದ್ದ ಪಾಲುದಾರನಿಗೆ ಫರ್ಮು ಆಸ್ತಿಯನ್ನೇನೂ ವರ್ಗಾಯಿಸಿಲ್ಲ, ಹಾಗಾಗಿ ಫರ್ಮಿಗೆ ಬಂಡವಾಳ ಲಾಭದ ತೆರಿಗೆಯಿಲ್ಲ. ದೆಹಲಿ ಸುಮ್ಮನಿರಲಿಲ್ಲ. 2021ರ ಹಣಕಾಸು ಕಾಯ್ದೆ ಆದಾಯ ತೆರಿಗೆಯ 45(4)ನೇ ಸೆಕ್ಷನ್ನನ್ನು ತಿರುಗಿ ಬರೆಯಿತು: ಖಾತೆಯ ಜಮಾಕ್ಕಿಂತ ಹೆಚ್ಚಾಗಿ ಕೊಟ್ಟದ್ದು ಫರ್ಮಿನ ಬಂಡವಾಳ ಲಾಭ. ಗೋದಾಮಿನ ಬೆಲೆಯನ್ನು ವಹಿಯಲ್ಲಿ ಏರಿಸಿ ಕಾಕಾನ ಜಮಾ ದೊಡ್ಡದು ಮಾಡೋಣವೆಂದರೆ ಆ ಏರಿಕೆಯನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ದುಡ್ಡಿನ ಬದಲು ಗೋದಾಮನ್ನೇ ಬರೆದುಕೊಟ್ಟರೆ 9ಬಿ ಎಂಬ ಇನ್ನೊಂದು ಸೆಕ್ಷನ್ ಎದುರಾಗುತ್ತದೆ.

ಕಾಕಾ ಟೊಪ್ಪಿಗೆ ತೆಗೆದು ತಲೆ ಒರೆಸಿಕೊಳ್ಳುತ್ತಾರೆ. "ಹಂಗಾದ್ರ ಟ್ಯಾಕ್ಸು ಕಳದು ಉಳದದ್ದು ಕೊಡ್ರಿ, ನನಗ ಸಾಕು." ಮಾತು ಅಲ್ಲಿಗೆ ಮುಗಿಯುತ್ತದೆ.

ಮುದ್ದೇಬಿಹಾಳ ಮುಟ್ಟುವ ಹೊತ್ತಿಗೆ ದೀಪ ಹತ್ತಿವೆ. ಮೋಟಾರು, ಪೈಪು, ಹನಿ ನೀರಾವರಿ ಸಾಮಾನಿನ ಅಂಗಡಿ. ಕಾಲೇಜಿನಿಂದ ಗೆಳೆಯರಾದ ಇಬ್ಬರದು. ವಹಿವಾಟು ಮೂರು ಕೋಟಿ ದಾಟಿದೆ, ಲಾಭ ಆರು ಲಕ್ಷ. ಇಬ್ಬರೂ ಬೆಳಗಿನಿಂದ ರಾತ್ರಿಯವರೆಗೆ ಇಲ್ಲೇ ದುಡಿಯುವವರು. ವಕೀಲರು ಪಾಲುಪತ್ರ ಕೇಳುತ್ತಾರೆ. ಝೆರಾಕ್ಸ್ ಅಂಗಡಿಯಲ್ಲಿ ಬೇರೆ ಯಾರದೋ ನೋಡಿ ಟೈಪು ಮಾಡಿಸಿದ ಮೂರು ಹಾಳೆ ಬರುತ್ತವೆ. ಅವರ ಬೆರಳು ಎರಡನೆಯ ಹಾಳೆಯಲ್ಲಿ ನಿಲ್ಲುತ್ತದೆ. ಪಾಲುದಾರರು ಆಗಾಗ ತಮ್ಮೊಳಗೆ ಒಪ್ಪಿದಷ್ಟು ಪಗಾರ ತೆಗೆದುಕೊಳ್ಳಬಹುದು ಎಂದಿದೆ. ಬಡ್ಡಿಯ ಮಾತು ಎಲ್ಲೂ ಇಲ್ಲ.

"ಎಷ್ಟು ಅಂತ ಬರದಿಲ್ಲಲ್ರೀ ತಮ್ಮಾರ."

"ನಮ್ಮೊಳಗ ಜಗಳ ಇಲ್ರಿ ಸರ, ಯಾಕ ಬರೀಬೇಕು?"

ಜಗಳವಿಲ್ಲದ್ದೇ ಇಲ್ಲಿ ತೊಂದರೆ. ಮೊತ್ತ ಇಷ್ಟೆಂದೋ, ಇಂಥ ರೀತಿಯಲ್ಲಿ ಲೆಕ್ಕ ಹಾಕತಕ್ಕದ್ದೆಂದೋ ಪತ್ರದಲ್ಲೇ ಇರದಿದ್ದರೆ ಪಗಾರವನ್ನು ಖರ್ಚೆಂದು ಒಪ್ಪುವುದಿಲ್ಲವೆಂದು 1996ರ ಮಾರ್ಚ್ 25ರ 739ನೇ ಸುತ್ತೋಲೆ ಹೇಳಿದೆ. ಇವತ್ತು ರಾತ್ರಿ ಕೂತು ತಿದ್ದಿದರೂ ಹಿಂದಿನ ತಿಂಗಳುಗಳಿಗೆ ಅದು ತಾಗದು. ಪತ್ರದ ತಾರೀಖಿನಿಂದ ಮುಂದಕ್ಕೆ ಮಾತ್ರ. ಹಿಂದಿನ ತಾರೀಖು ಹಾಕೋಣವೇ ಎಂದು ಒಬ್ಬ ತಗ್ಗಿದ ದನಿಯಲ್ಲಿ ಕೇಳುತ್ತಾನೆ. ಇ-ಸ್ಟಾಂಪಿನ ಮೇಲೆ ತಾರೀಖು, ಗಂಟೆ, ನಿಮಿಷ ಅಚ್ಚಾಗಿರುತ್ತವೆಂದು ವಕೀಲರು ನಗುತ್ತಾರೆ.

ಫರ್ಮಿನ ನೋಂದಣಿಯೂ ಆಗಿಲ್ಲ. ತೆರಿಗೆಗೆ ಅದು ಬೇಕಿಲ್ಲ, ಪಾಲು ನಮೂದಿಸಿದ ಪತ್ರ ಸಾಕು. ಆದರೆ ಉದ್ರಿ ಒಯ್ದು ವರ್ಷವಾದರೂ ದುಡ್ಡು ಕೊಡದ ಗಿರಾಕಿಯ ಮೇಲೆ ದಾವೆ ಹಾಕಬೇಕಾದರೆ ಪಾಲುದಾರಿಕೆ ಕಾಯ್ದೆಯ 69ನೇ ಕಲಮು ಅಡ್ಡ ನಿಲ್ಲುತ್ತದೆ. ವಿಜಯಪುರಕ್ಕೆ ಹೋಗಿ ನೋಂದಣಿ ಮಾಡಿಸಿ ಎಂದು ಮೊಬೈಲಿನಲ್ಲಿ ಗುರುತು ಹಾಕಿಕೊಡುತ್ತಾರೆ.

ಹೊಸ ಪತ್ರ ಏಪ್ರಿಲ್ 1ರಿಂದ. ಅದೇ ದಿನ 2025ರ ಹೊಸ ಆದಾಯ ತೆರಿಗೆ ಕಾಯ್ದೆಯೂ ಜಾರಿಗೆ ಬರುತ್ತದೆ. ಸೆಕ್ಷನ್ನುಗಳ ನಂಬರು ಬದಲಾಗುತ್ತವೆ, ಪಾಲು–ಪಗಾರದ ಭೇದ ಹಾಗೇ ಉಳಿಯುತ್ತದೆ. ಶಟರು ಅರ್ಧ ಇಳಿದಿದೆ. ವಕೀಲರು ಕೊನೆಯ ಚೀಟಿ ಬರೆದು ಗಲ್ಲಾಪೆಟ್ಟಿಗೆಯ ಮೇಲೆ ಇಡುತ್ತಾರೆ, ನೀವು ಬಗ್ಗಿ ಓದುತ್ತೀರಿ: ಈ ವರ್ಷದ ತೆರಿಗೆ 1,87,200. ಪಗಾರದ ಸಾಲು ಸರಿಯಾಗಿ ಬರೆದಿದ್ದರೆ, 18,720.