ಬಲ್ಮಠದ ಗುಡ್ಡದ ಮೇಲೆ

ಮಂಗಳೂರಿನ ಬಲ್ಮಠದ ಗುಡ್ಡವನ್ನೇರಿ ನಾವು ಶಾಂತಿ ಕೆಥೆಡ್ರಲ್ಲಿನ ಅಂಗಳದಲ್ಲಿ ನಿಂತೆವು. 1834ರಲ್ಲಿ ಈ ಊರಿಗೆ ಬಂದ ಬಾಸೆಲ್ ಮಿಶನಿನವರು ಬರಿಯ ಉಪದೇಶದಲ್ಲಿ ತೃಪ್ತರಾಗಲಿಲ್ಲ; ಮತಾಂತರದಿಂದ ಮನೆಯನ್ನೂ ಕುಲಕಸುಬನ್ನೂ ಕಳೆದುಕೊಂಡವರಿಗೆ ನೇಯ್ಗೆಯ ಕೆಲಸವನ್ನೂ, 1865ರಲ್ಲಿ ಹಂಚಿನ ಕಾರ್ಖಾನೆಯನ್ನೂ ಒದಗಿಸಿದರು. ಆದರೆ ಸಭೆಯನ್ನು ಪಾಲಿಸುವವರೇ ಸಂಬಳ ಕೊಡುವ ಧಣಿಗಳೂ ಆದರೆ, ಸಭಿಕನು ಬಾಯ್ದೆರೆದು ಮಾತಾಡುವುದೆಂತು?

1914ರಲ್ಲಿ ಮೊದಲಾದ ಮಹಾಯುದ್ಧದ ಕಾಲಕ್ಕೆ ಸರಕಾರವು ಜರ್ಮನ್ ಪಾದ್ರಿಗಳನ್ನು ಸೆರೆಯಲ್ಲಿಟ್ಟಿತು. ಸಭೆಯ ಭಾರವು ಈ ನೆಲದ ಬೋಧಕರ, ಹಿರಿಯರ ಹೆಗಲಿಗೆ ಬಿದ್ದಿತು. ಅವರು ಹೊತ್ತು ನಡೆದರು.

ಇಂದು ಈ ದೇವಾಲಯವು, 1947ರಲ್ಲಿ ಸ್ಥಾಪಿತವಾದ ದಕ್ಷಿಣ ಭಾರತ ಸಭೆಗೆ ಸೇರಿದೆ. ಅಲ್ಲಿ ಬಿಷಪರೂ ಉಂಟು, ಸಭಿಕರ ಪ್ರತಿನಿಧಿಗಳು ಕೂಡಿ ವಿಚಾರಿಸುವ ಸಿನೋಡೂ ಉಂಟು. ಸಂತೈಸುವ ಕೈ ಒಬ್ಬರದಾಗಬಹುದು. ಕಟ್ಟಳೆ ಮಾತ್ರ ಎಲ್ಲರೂ ಕೂಡಿ ಮಾಡಿದುದಾಗಬೇಕು. ಸಭೆಗೆ ಸಲ್ಲುವ ಈ ಮಾತು ಸಂಸಾರಕ್ಕೂ ಸಲ್ಲುವುದು.